ಮಾಂಟ್ಗೊಮರಿಯ ಲೆಗಸಿ ಮ್ಯೂಸಿಯಂ, ಸ್ಮಾರಕ ಮತ್ತು ಶಿಲ್ಪೋದ್ಯಾನ: ಐದು ಡಾಲರಿನ ಒಂದು ಟಿಕೆಟ್ಟಿನ ವಿಮರ್ಶೆ

ಅಟ್ಲಾಂಟಾದ ಉತ್ತರ ಭಾಗದಲ್ಲಿ ನೆಲೆಸಿರುವ ನಮ್ಮವರು ಬೇಸಿಗೆ ರಜೆ ಬಂತೆಂದರೆ ಡೆಸ್ಟಿನ್ ಅಥವಾ ಪೆನ್ಸಕೋಲಾದ ಕಡಲತೀರಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಸಿಗುವ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಬಹುತೇಕರಿಗೆ ಕಾರಿಗೆ ಗ್ಯಾಸ್ ತುಂಬಿಸಿಕೊಂಡು, ಮಕ್ಕಳಿಗೆ ಏನಾದರೂ ತಿನ್ನಿಸಿ ಮುಂದೆ ಸಾಗುವ ಊರಷ್ಟೇ. ಅಲ್ಲಿ ಒಂದು ಇಡೀ ದಿನ ನಿಲ್ಲಬೇಕು, ಸಾಧ್ಯವಾದರೆ ಒಂದು ರಾತ್ರಿ ಉಳಿಯಬೇಕು ಎಂದು ಹೇಳುವುದಕ್ಕೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಈ ಊರಿನಲ್ಲಿ ಮೂರು ತಾಣಗಳನ್ನು ನಡೆಸುತ್ತಿದೆ. ಗುಲಾಮಗಿರಿಯಿಂದ ಇಂದಿನ ಜೈಲುಗಳವರೆಗಿನ ಕಥೆಯನ್ನು ಹೇಳುವ ಲೆಗಸಿ ಮ್ಯೂಸಿಯಂ ಒಂದು, ಗುಂಪುಹತ್ಯೆಗೆ ಬಲಿಯಾದ ಕಪ್ಪುವರ್ಣೀಯರ ರಾಷ್ಟ್ರೀಯ ಸ್ಮಾರಕ ಇನ್ನೊಂದು, ಅಲಬಾಮಾ ನದಿಯ ದಂಡೆಯ ಮೇಲಿನ ಫ್ರೀಡಂ ಮಾನ್ಯುಮೆಂಟ್ ಶಿಲ್ಪೋದ್ಯಾನ ಮೂರನೆಯದು. ಮೂರಕ್ಕೂ ಸೇರಿ ಟಿಕೆಟ್ಟಿಗೆ ಐದು ಡಾಲರ್; ಒಂದರಿಂದ ಇನ್ನೊಂದಕ್ಕೆ ಕರೆದೊಯ್ಯುವ ಷಟಲ್ ಬಸ್ಸಿಗೆ ಬೇರೆ ಹಣವಿಲ್ಲ. ಅಮೆರಿಕದ ದೊಡ್ಡ ನಗರಗಳ ಖಾಸಗಿ ಮ್ಯೂಸಿಯಂಗಳಲ್ಲಿ ತಲೆಗೆ ಮೂವತ್ತು ಡಾಲರ್ ಕೊಟ್ಟು ಬಂದವರಿಗೆ ಈ ಬೆಲೆ ನಂಬಲಾಗದಷ್ಟು ಕಡಿಮೆಯೆನಿಸುತ್ತದೆ. ಯಾರೂ ಹಣದ ಕಾರಣಕ್ಕೆ ಹೊರಗುಳಿಯಬಾರದೆಂಬ ಉದ್ದೇಶ ಅದರ ಹಿಂದಿರುವುದು ಸ್ಪಷ್ಟವಾಗಿಯೇ ಕಾಣುತ್ತದೆ.

ಸಂಸ್ಥೆಯನ್ನು 1989ರಲ್ಲಿ ಕಟ್ಟಿದವರು ಬ್ರಯಾನ್ ಸ್ಟೀವನ್‌ಸನ್ ಎಂಬ ವಕೀಲರು. ಮರಣದಂಡನೆಗೆ ಗುರಿಯಾದವರ ಪರವಾಗಿ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದ ಬಡ ಕೈದಿಗಳ ಪರವಾಗಿ ವಾದಿಸುವುದು ಇವರ ಮೂಲ ಕೆಲಸ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಮ್ಯೂಸಿಯಂ ತನ್ನ ವಿಷಯವನ್ನು ವಕೀಲರೊಬ್ಬರು ನ್ಯಾಯಾಲಯದ ಮುಂದೆ ಮೊಕದ್ದಮೆ ಮಂಡಿಸುವ ರೀತಿಯಲ್ಲಿಯೇ ಮಂಡಿಸುತ್ತದೆ. ಪುರಾವೆಯ ಮೇಲೆ ಪುರಾವೆ ಇಡುತ್ತದೆ, ದಿನಾಂಕ ಕೊಡುತ್ತದೆ, ಹೆಸರು ಹೇಳುತ್ತದೆ. ಅದರ ವಾದ ಒಂದೇ: ಗುಲಾಮಗಿರಿ 1865ರಲ್ಲಿ ಕಾನೂನಿನ ಪುಸ್ತಕದಿಂದ ಹೋಯಿತಾದರೂ, ಕಪ್ಪುವರ್ಣೀಯರು ಕೀಳು, ಅಪಾಯಕಾರಿ, ನಂಬಿಕೆಗೆ ಅರ್ಹರಲ್ಲ ಎಂದು ಅದನ್ನು ಸಮರ್ಥಿಸಲು ಕಟ್ಟಿದ ನಂಬಿಕೆ ಹೋಗಲಿಲ್ಲ, ಆ ನಂಬಿಕೆಯೇ ರೂಪ ಬದಲಿಸುತ್ತ ಗುಂಪುಹತ್ಯೆಯಾಗಿ, ಅವರನ್ನು ಬಿಳಿಯರಿಂದ ಬೇರೆಯಿಡುವ ಪ್ರತ್ಯೇಕತೆಯ ಕಾನೂನಾಗಿ, ಕೊನೆಗೆ ಜೈಲುಗಳಾಗಿ ಮುಂದುವರಿಯಿತು. ಈ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಯಿತು. ಎಲ್ಲಿ ಪೂರ್ತಿ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಇದಕ್ಕೆ ಮಾಂಟ್ಗೊಮರಿಗಿಂತ ತಕ್ಕ ಊರು ಬಹುಶಃ ಇನ್ನೊಂದಿಲ್ಲ. ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿದ ಮೇಲೆ ದೇಶದೊಳಗಿನ ಮಾರಾಟ ಹೆಚ್ಚಾಯಿತು. ವರ್ಜೀನಿಯಾ, ಮೇರಿಲ್ಯಾಂಡಿನಂಥ ಕಡೆಗಳಿಂದ ಸುಮಾರು ಹತ್ತು ಲಕ್ಷ ಜನರನ್ನು ಹತ್ತಿ ಬೆಳೆಯುವ ದಕ್ಷಿಣಕ್ಕೆ ಸಾಗಿಸಲಾಯಿತು. 1820ರಲ್ಲಿ 40 ಸಾವಿರದ ಆಸುಪಾಸಿನಲ್ಲಿದ್ದ ಅಲಬಾಮಾದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 4,35,000ಕ್ಕೆ ಮುಟ್ಟಿತ್ತು. ದೋಣಿಯಲ್ಲಿ, ರೈಲಿನಲ್ಲಿ ಬಂದಿಳಿದವರನ್ನು ನದಿಯ ಕಟ್ಟೆಯಿಂದ ಕಾಮರ್ಸ್ ಬೀದಿಯಲ್ಲಿ ನಡೆಸಿಕೊಂಡು ಹೋಗಿ ಕೋರ್ಟ್ ಚೌಕದಲ್ಲಿ ಹರಾಜು ಹಾಕುತ್ತಿದ್ದರು. 1861ರ ಫೆಬ್ರುವರಿಯಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರೆಯಾದ ರಾಜ್ಯಗಳ ಒಕ್ಕೂಟ ತನ್ನ ಮೊದಲ ರಾಜಧಾನಿಯನ್ನು ಮಾಡಿಕೊಂಡದ್ದು ಇದೇ ಊರನ್ನು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರನ್ನು 1955ರ ಡಿಸೆಂಬರ್ 1ರಂದು ಬಂಧಿಸಿದ್ದೂ ಇಲ್ಲಿಯೇ. ಅನಂತರ 381 ದಿನ ನಡೆದ ಬಸ್ ಬಹಿಷ್ಕಾರವೂ ಇಲ್ಲಿಯದೇ. ಆಗ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಡೆಕ್ಸ್ಟರ್ ಅವೆನ್ಯೂ ಚರ್ಚಿನಿಂದ ರಾಜ್ಯದ ಶಾಸನಸಭೆಯ ಭವನ ಕೂಗಳತೆಯ ದೂರದಲ್ಲಿದೆ. ಕಿಂಗ್ ಜಯಂತಿಯ ದಿನವೇ ಒಕ್ಕೂಟದ ಸೇನಾಪತಿ ರಾಬರ್ಟ್ ಲೀ ಹೆಸರಿನಲ್ಲೂ ರಜೆ ಕೊಡುತ್ತ ಬಂದಿರುವ ರಾಜ್ಯವಿದು. ಮ್ಯೂಸಿಯಂ ಹೇಳುವುದು ಹಳೆಯ ಕಥೆಯಲ್ಲ ಎಂಬುದಕ್ಕೆ ಊರೇ ಸಾಕ್ಷಿ ನುಡಿಯುತ್ತದೆ.

ಲೆಗಸಿ ಮ್ಯೂಸಿಯಂ ಮೊದಲು ತೆರೆದದ್ದು 2018ರ ಏಪ್ರಿಲಿನಲ್ಲಿ. ಈಗಿರುವ ವಿಶಾಲ ಕಟ್ಟಡಕ್ಕೆ ಬಂದದ್ದು 2021ರಲ್ಲಿ. ಗುಲಾಮರು ದುಡಿಯುತ್ತಿದ್ದ ಹತ್ತಿ ಗೋದಾಮೊಂದು ಇದ್ದ ಜಾಗವಿದು. ಬಾಗಿಲಿನಲ್ಲಿ ಭದ್ರತಾ ತಪಾಸಣೆ ನಡೆಯುತ್ತದೆ, ಒಳಗೆ ಫೋಟೋ ತೆಗೆಯುವಂತಿಲ್ಲ. ಈ ಎರಡನೆಯ ನಿಯಮ ಮೊದಲಿಗೆ ಕಿರಿಕಿರಿಯೆನಿಸಬಹುದು; ಆದರೆ ಕೈಯಲ್ಲಿ ಫೋನ್ ಇಲ್ಲದ ಜನ ಎಷ್ಟು ಬೇರೆ ರೀತಿಯಲ್ಲಿ ನೋಡುತ್ತಾರೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಒಳಗೆ ಕಾಲಿಟ್ಟೊಡನೆ ಗೋಡೆಯಗಲದ ಪರದೆಯ ಮೇಲೆ ಅಟ್ಲಾಂಟಿಕ್ ಸಾಗರದ ಅಲೆಗಳು ಮೈಮೇಲೆ ಬರುವಂತೆ ಏಳುತ್ತವೆ. ಆ ಸಾಗರವನ್ನು ದಾಟಿಸಲೆಂದು ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗಿಗೆ ತುಂಬಲಾಯಿತು. ಅವರಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಲಕ್ಷ ಜನ ದಡ ಕಾಣಲಿಲ್ಲ. ಮುಂದಿನ ಕೋಣೆಯಲ್ಲಿ ಸಮುದ್ರದ ತಳದ ಮರಳಿನಲ್ಲಿ ಹೂತುಹೋದಂತೆ ಮನುಷ್ಯರ ತಲೆ, ಹೆಗಲುಗಳಿವೆ. ಘಾನಾದ ಶಿಲ್ಪಿ ಕ್ವಾಮೆ ಅಕೋಟೊ-ಬಾಂಫೊ ಮಾಡಿದ ಆ ಮುಖಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಅಂಕಿಸಂಖ್ಯೆಯನ್ನು ಓದಿ ತಲೆಯಾಡಿಸಿ ಮುಂದೆ ಹೋಗುವುದನ್ನು ಈ ಕೋಣೆ ಅಸಾಧ್ಯವಾಗಿಸುತ್ತದೆ.

ಅಲ್ಲಿಂದ ಮುಂದೆ ಮಾರಾಟಕ್ಕೆ ಮುನ್ನ ಜನರನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳ ಮಾದರಿಗಳಿವೆ. ಸರಳುಗಳ ಹತ್ತಿರ ಹೋಗಿ ನಿಂತರೆ ಕತ್ತಲಲ್ಲಿ ಬೆಳಕಿನ ಆಕೃತಿಯೊಂದು ಮೂಡಿ ಮಾತನಾಡತೊಡಗುತ್ತದೆ: ಮಕ್ಕಳನ್ನು ಕಳೆದುಕೊಂಡ ತಾಯಿ, ತಾಯಿಯನ್ನು ಹುಡುಕುವ ಮಕ್ಕಳು. ಇಂಥ ತಾಂತ್ರಿಕ ಚಮತ್ಕಾರಗಳ ಬಗ್ಗೆ ನನಗೆ ಸಾಮಾನ್ಯವಾಗಿ ಅನುಮಾನವಿದೆ. ನೋವನ್ನು ಪ್ರದರ್ಶನದ ವಸ್ತುವಾಗಿಸುವ ಅಪಾಯ ಇವುಗಳಲ್ಲಿ ಇದ್ದೇ ಇರುತ್ತದೆ. ಇಲ್ಲಿ ಹಾಗಾಗದಂತೆ ಕಾಪಾಡಿರುವುದು ಧ್ವನಿಯ ಮಟ್ಟ. ಆಕೃತಿ ಪಿಸುಮಾತಿನಲ್ಲಿ ಆಡುವುದರಿಂದ ಕೇಳಬೇಕೆಂದರೆ ನಾವು ಸರಳಿಗೆ ಮುಖ ತಾಗುವಷ್ಟು ಹತ್ತಿರ ಹೋಗಬೇಕು. ಹಿಂದೆ ನಿಂತವರು ನಮ್ಮ ಸರದಿ ಮುಗಿಯುವವರೆಗೆ ಕಾಯಬೇಕು. ಜನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಹೋಗಬೇಕೆನ್ನುವುದಕ್ಕೆ ಇದೊಂದೇ ಕೋಣೆ ಸಾಕಾದ ಕಾರಣ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮಣ್ಣಿನ ಜಾಡಿಗಳ ಗೋಡೆ. ಗುಂಪುಹತ್ಯೆ ನಡೆದ ಜಾಗಗಳಿಗೆ ಆಯಾ ಊರಿನವರು, ಸತ್ತವರ ವಂಶಸ್ಥರು ಹೋಗಿ ಅಗೆದು ತಂದ ಮಣ್ಣನ್ನು ಗಾಜಿನ ದೊಡ್ಡ ಜಾಡಿಗಳಲ್ಲಿ ತುಂಬಿ, ಪ್ರತಿಯೊಂದರ ಮೇಲೂ ಹೆಸರು, ಸ್ಥಳ, ದಿನಾಂಕ ಬರೆದು ನೂರಾರು ಸಂಖ್ಯೆಯಲ್ಲಿ ಸಾಲಾಗಿ ಜೋಡಿಸಿದ್ದಾರೆ. ಊರಿನಿಂದ ಬಂದಿದ್ದ ನನ್ನ ತಾಯಿ ಜೊತೆಗಿದ್ದರು. ಗದಗ ಜಿಲ್ಲೆಯ ರೋಣದ ಕಡೆಯ ಒಕ್ಕಲುತನದ ಮನೆಯವರು. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದವರು. ಇಂಗ್ಲಿಷ್ ಫಲಕಗಳನ್ನು ನಾನು ಓದಿ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಈ ಗೋಡೆಯ ಮುಂದೆ ಮಾತ್ರ ಅವರಿಗೆ ನನ್ನ ಓದು ಬೇಕಾಗಲಿಲ್ಲ. ಕೆಮ್ಮಣ್ಣು, ಉಸುಕು ಬೆರೆತದ್ದು, ಬೂದಿಯ ಬಣ್ಣದ್ದು ಎಂದು ಒಂದೊಂದನ್ನೂ ನೋಡುತ್ತ ಹೋಗಿ, ಕಡುಕಪ್ಪು ಮಣ್ಣಿನ ಜಾಡಿಯೊಂದರ ಎದುರು ನಿಂತು, "ಇದು ನಮ್ಮ ಎರಿ ಹೊಲದ ಮಣ್ಣ ಇದ್ದಂಗ ಐತೆಲ್ಲೋ, ಇಲ್ಲೂ ಹತ್ತೀನ ಬೆಳೀತಿದ್ರೇನು?" ಎಂದು ಕೇಳಿದರು. ಹೌದು, ಹತ್ತಿಯನ್ನೇ. ಅಲಬಾಮಾದ ನಡುವೆ ಹಾಯ್ದಿರುವ ಕಪ್ಪು ಮಣ್ಣಿನ ಪಟ್ಟಿಯ ಫಲವತ್ತತೆಯೇ ಅಷ್ಟೊಂದು ಜನರನ್ನು ಸಂಕೋಲೆಯಲ್ಲಿ ಇಲ್ಲಿಗೆ ಎಳೆತರಿಸಿತು. ಧಾರವಾಡ ಸೀಮೆಗೂ ಈ ಹತ್ತಿಗೂ ಇರುವ ನಂಟನ್ನು ನಮ್ಮಲ್ಲಿ ಹೆಚ್ಚು ಜನ ನೆನೆಯುವುದಿಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿಬೀಜವನ್ನು ತಂದು ನಮ್ಮ ಎರೆಭೂಮಿಯಲ್ಲಿ ಬಿತ್ತಿಸಿತು; 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಮೆರಿಕದ ಗುಲಾಮರು ಬೆಳೆದ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಬರುವುದು ನಿಂತಾಗ ಧಾರವಾಡದ ಹತ್ತಿಗೆ ಬೆಲೆ ಏರಿತು. ತಾಯಿಗೆ ಇದನ್ನೆಲ್ಲ ಹೇಳಿದೆ. ಅವರು ಜಾಡಿಯ ಮೇಲಿನ ಹೆಸರನ್ನು ಓದಿ ಹೇಳೆಂದರು, ವಯಸ್ಸು ಬರೆದಿದ್ದಾರೆಯೇ ಎಂದು ಕೇಳಿದರು. ವಯಸ್ಸು ಬರೆದಿರಲಿಲ್ಲ.

ಗುಲಾಮಗಿರಿಯ ನಂತರದ ಭಾಗವೇ ಈ ಮ್ಯೂಸಿಯಮ್ಮಿನ ಮುಖ್ಯ ಕೊಡುಗೆ. ಗುಲಾಮಗಿರಿಯನ್ನು ರದ್ದುಪಡಿಸಿದ 1865ರ ಹದಿಮೂರನೆಯ ತಿದ್ದುಪಡಿ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿತ್ತು. ಆ ವಿನಾಯಿತಿಯ ಬಾಗಿಲಿನಿಂದಲೇ ಕೈದಿಗಳನ್ನು ಗಣಿಗಳಿಗೆ, ತೋಟಗಳಿಗೆ ಗುತ್ತಿಗೆಗೆ ಕೊಡುವ ಪದ್ಧತಿ ಒಳನುಗ್ಗಿತು. ಕೆಲಸವಿಲ್ಲದೆ ಅಲೆದಾಡುವುದನ್ನೇ ಅಪರಾಧವೆಂದು ಕಾನೂನು ಮಾಡಿ ಕಪ್ಪುವರ್ಣೀಯರನ್ನು ಹಿಡಿದು, ದಂಡ ಕಟ್ಟಲಾಗದವರನ್ನು ಕಂಪನಿಗಳಿಗೆ ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಿಂದ ರಾಜ್ಯಗಳು ಬೊಕ್ಕಸ ತುಂಬಿಸಿಕೊಂಡವು. ಬರ್ಮಿಂಗ್‌ಹ್ಯಾಮ್ ಬಳಿಯ ಬ್ಯಾನರ್ ಕಲ್ಲಿದ್ದಲು ಗಣಿಯಲ್ಲಿ 1911ರ ಏಪ್ರಿಲಿನಲ್ಲಿ ಸ್ಫೋಟವಾಗಿ 128 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೀಗೆ ಗುತ್ತಿಗೆಗೆ ಹೋದ ಕಪ್ಪುವರ್ಣೀಯ ಕೈದಿಗಳು. ಅಲಬಾಮಾ ಈ ಪದ್ಧತಿಯನ್ನು ಕೈಬಿಟ್ಟದ್ದು 1928ರಲ್ಲಿ, ಬೇರೆಲ್ಲ ರಾಜ್ಯಗಳು ಬಿಟ್ಟ ಮೇಲೆ. ಪ್ರತ್ಯೇಕತೆಯ ಕಾಲದ ಬೋರ್ಡುಗಳ ಗೋಡೆಯನ್ನು ದಾಟಿ ಕೊನೆಯ ಭಾಗಕ್ಕೆ ಬಂದರೆ ಜೈಲಿನ ಭೇಟಿ ಕೋಣೆಯಂಥ ಗೂಡುಗಳು ಸಾಲಾಗಿವೆ. ಸ್ಟೂಲಿನ ಮೇಲೆ ಕೂತು ಗೋಡೆಯ ಫೋನನ್ನು ಎತ್ತಿಕೊಂಡರೆ ಗಾಜಿನಾಚೆ ಒಬ್ಬ ಮನುಷ್ಯ ಕಾಣಿಸಿ, ನಮ್ಮ ಕಣ್ಣನ್ನೇ ನೋಡುತ್ತ ತನ್ನ ಕಥೆ ಹೇಳುತ್ತಾನೆ. ಈ ಸಂಸ್ಥೆಯೇ ವಾದಿಸಿ ಬಿಡಿಸಿದ ಆಂಥನಿ ರೇ ಹಿಂಟನ್ ಅವರ ಪ್ರಕರಣ ನೆನಪಾಗದೆ ಇರದು. 1985ರಲ್ಲಿ ತಾವು ಮಾಡದ ಕೊಲೆಗಳಿಗಾಗಿ ಬಂಧಿತರಾದ ಅವರು ಅಲಬಾಮಾದಲ್ಲಿ ಮರಣದಂಡನೆಯ ಕೈದಿಯಾಗಿ ಸುಮಾರು ಮೂವತ್ತು ವರ್ಷ ಕಳೆದು 2015ರಲ್ಲಿ ಹೊರಬಂದರು. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಏಳರಲ್ಲೊಂದು ಪಾಲಿನಷ್ಟಿದ್ದರೆ ಸೆರೆಮನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟಿದ್ದಾರೆ.

ನನ್ನ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ಜೈಲಿಗೆ ಸಿಕ್ಕಿರುವ ವಿಸ್ತಾರ ಮನೆ, ಜಮೀನು, ಆಸ್ತಿಗಳಿಗೆ ಸಿಕ್ಕಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆಯಲ್ಲಿ ಕಪ್ಪುವರ್ಣೀಯರ ಬಡಾವಣೆಗಳಿಗೆ, ಸಾಲ ಕೊಡಲು ಅಪಾಯದ ಜಾಗವೆಂದು, ಕೆಂಪು ಬಣ್ಣ ಬಳಿಯಿತು. ಅಂಥ ಕಡೆ ಗೃಹಸಾಲ ಹುಟ್ಟುವುದೇ ಕಷ್ಟವಾಯಿತು. ಬಿಳಿಯರ ಬಡಾವಣೆಗಳಲ್ಲಿ ಮನೆ ಕೊಳ್ಳಲು ಅವರಿಗೆ ಬಿಡುತ್ತಲೂ ಇರಲಿಲ್ಲ. ಇದನ್ನು ತಡೆಯುವ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಬಿಳಿಯ ಕುಟುಂಬಗಳು ಸರ್ಕಾರದ ಭರವಸೆಯಿದ್ದ ಸಾಲದಲ್ಲಿ ಮನೆ ಕೊಂಡು, ಅದರ ಬೆಲೆ ಏರುವುದನ್ನು ಕಂಡು, ಮಕ್ಕಳಿಗೆ ಬಿಟ್ಟುಹೋಗಿಯಾಗಿತ್ತು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯ ಕುಟುಂಬವೊಂದರ ಸಾಲ ಕಳೆದು ಉಳಿಯುವ ಆಸ್ತಿ 2,85,000 ಡಾಲರ್, ಕಪ್ಪುವರ್ಣೀಯ ಕುಟುಂಬದ್ದು 44,900 ಡಾಲರ್. ಗೃಹಸಾಲ, ಶಾಲೆಯ ರೇಟಿಂಗು, ಬಡಾವಣೆಯ ಬೆಲೆ ಎಂದು ವಾರವಿಡೀ ಲೆಕ್ಕ ಹಾಕುವ ನಮ್ಮಂಥವರಿಗೆ ವ್ಯವಸ್ಥೆಯೇ ನಡೆಸುವ ತಾರತಮ್ಯವೆಂದರೇನು ಎಂಬುದನ್ನು ತಿಳಿಸಲು ಜೈಲಿಗಿಂತ ಇದು ಹತ್ತಿರದ ದಾರಿಯಾಗುತ್ತಿತ್ತು. ಇನ್ನೊಂದು ಸಣ್ಣ ದೂರೆಂದರೆ ಗೋಡೆಗಳ ಮೇಲಿನ ಬರಹ ವಿಪರೀತ. ಒಂದು ವಿಡಿಯೋದ ಸದ್ದು ಇನ್ನೊಂದರ ಮೇಲೆ ಬೀಳುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯವರು ಇಲ್ಲಿಗೆ ಬಂದರೆ ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರ ಸಂತತಿಯಾದ ನಮ್ಮ ಸಿದ್ದಿಗಳ ನೆನಪು ಬಾರದಿರದು. ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಈ ಮ್ಯೂಸಿಯಮ್ಮಿನ ವ್ಯಾಪ್ತಿಗೆ ಬರುವುದಿಲ್ಲ, ಅದನ್ನು ಕೊರತೆಯೆಂದು ಎಣಿಸಲಾರೆ. ಅದರ ಕಥೆ ಹೇಳುವ ಇಂಥದ್ದೊಂದು ಕಟ್ಟಡ ನಮ್ಮಲ್ಲಿ ಆಗಬೇಕು.

ಷಟಲ್ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಸ್ಮಾರಕ. ಆರು ಎಕರೆಯ ದಿಬ್ಬದ ಮೇಲೆ, ನಗರವನ್ನು ಮೇಲಿನಿಂದ ನೋಡುವಂತೆ ಇದನ್ನು ಕಟ್ಟಿದ್ದಾರೆ. 1877ರಿಂದ 1950ರವರೆಗೆ ನಡೆದ 4,400ಕ್ಕೂ ಹೆಚ್ಚು ಗುಂಪುಹತ್ಯೆಗಳನ್ನು ಸಂಸ್ಥೆ ದಾಖಲಿಸಿದೆ. ಅವು ನಡೆದ ಪ್ರತಿ ಕೌಂಟಿಗೂ ಒಂದರಂತೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥದ್ದು ಎಂದುಕೊಳ್ಳಬಹುದು. ಆಳೆತ್ತರದ ಆ ಕಂಬಗಳು ತುಕ್ಕಿನ ಬಣ್ಣಕ್ಕೆ ತಿರುಗಿವೆ. ಒಂದೊಂದರ ಮೇಲೂ ಕೌಂಟಿಯ ಹೆಸರು, ಅದರ ಕೆಳಗೆ ಸತ್ತವರ ಹೆಸರು, ದಿನಾಂಕ. ಹೆಸರು ತಿಳಿಯದವರನ್ನು ಅಪರಿಚಿತರೆಂದೇ ಕೆತ್ತಿದ್ದಾರೆ. ಒಳಹೊಕ್ಕಾಗ ಕಂಬಗಳು ನಮ್ಮ ಎದುರಿಗೇ ನಿಂತಿರುತ್ತವೆ, ನಡುವೆ ಓಡಾಡಿಕೊಂಡು ಓದಬಹುದು. ಮುಂದೆ ಹೋದಂತೆ ನೆಲ ಇಳಿಜಾರಾಗುತ್ತ ಹೋಗುತ್ತದೆ, ಕಂಬಗಳು ಮಾತ್ರ ಅದೇ ಮಟ್ಟದಲ್ಲಿ ಉಳಿಯುತ್ತವೆ. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಅವು ತಲೆಯ ಮೇಲೆ ತೂಗುತ್ತಿರುತ್ತವೆ. ನೋಡುವವರು ಅಂದು ಮರದ ಕೆಳಗೆ ನೆರೆದಿದ್ದ ಜನರ ಜಾಗದಲ್ಲಿ ನಿಂತು ಕತ್ತೆತ್ತಿ ನೋಡಬೇಕಾಗುತ್ತದೆ. ಇದನ್ನು ವಿವರಿಸುವ ಫಲಕವನ್ನು ಅವರು ಎಲ್ಲಿಯೂ ಹಾಕಿಲ್ಲದಿರುವುದು ನನಗೆ ಬಹಳ ಸರಿಯೆನಿಸಿತು.

ಆ ಕೊನೆಯ ಭಾಗದ ಗೋಡೆಗಳ ಮೇಲೆ ಒಬ್ಬೊಬ್ಬರ ಬಗ್ಗೆ ಒಂದೊಂದೇ ವಾಕ್ಯವಿದೆ. ಜೆಸ್ಸಿ ಥಾರ್ನ್‌ಟನ್ ಎಂಬವರನ್ನು 1940ರಲ್ಲಿ ಅಲಬಾಮಾದ ಲವರ್ನ್ ಊರಿನಲ್ಲಿ ಕೊಂದದ್ದು, ಬಿಳಿಯ ಪೊಲೀಸನೊಬ್ಬನನ್ನು ಮಿಸ್ಟರ್ ಎಂದು ಕರೆಯದೆ ಬರಿ ಹೆಸರು ಹೇಳಿದ್ದಕ್ಕೆ. ಎಲಿಜಬೆತ್ ಲಾರೆನ್ಸ್ ಅವರನ್ನು 1933ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕೊಂದದ್ದು, ತಮ್ಮ ಮೇಲೆ ಕಲ್ಲೆಸೆದ ಬಿಳಿಯ ಮಕ್ಕಳನ್ನು ಗದರಿಸಿದ್ದಕ್ಕೆ. ಮೇರಿ ಟರ್ನರ್ ಅವರನ್ನು 1918ರಲ್ಲಿ ಜಾರ್ಜಿಯಾದಲ್ಲಿ, ಹೊಟ್ಟೆಯಲ್ಲಿದ್ದ ಮಗುವಿನೊಂದಿಗೆ ಕೊಂದದ್ದು, ಗಂಡನ ಹತ್ಯೆಯನ್ನು ಖಂಡಿಸಿ ಮಾತನಾಡಿದ್ದಕ್ಕೆ. ನಮ್ಮಲ್ಲಿಯೂ ಮೇಲ್ಜಾತಿಯವರ ಎದುರು ಚಪ್ಪಲಿ ಹಾಕಿದ್ದಕ್ಕೆ, ಮೀಸೆ ತಿರುವಿದ್ದಕ್ಕೆ, ಮದುವೆಯಲ್ಲಿ ಕುದುರೆ ಏರಿದ್ದಕ್ಕೆ ದಲಿತರನ್ನು ಹೊಡೆದ ಸುದ್ದಿಗಳನ್ನು ಓದಿ ಬೆಳೆದವರಿಗೆ ಈ ವಾಕ್ಯಗಳಲ್ಲಿ ಅಪರಿಚಿತವಾದದ್ದೇನೂ ಇರುವುದಿಲ್ಲ. ಗುಂಪುಹತ್ಯೆಯನ್ನು ಕೇಂದ್ರ ಸರ್ಕಾರದ ಮಟ್ಟದಲ್ಲಿ ಅಪರಾಧವೆಂದು ಘೋಷಿಸುವ ಕಾನೂನು ಅಮೆರಿಕದಲ್ಲಿ ಬಂದದ್ದು 2022ರ ಮಾರ್ಚಿನಲ್ಲಿ. ಅದಕ್ಕೆ ಮುನ್ನ ನೂರು ವರ್ಷಕ್ಕೂ ಹೆಚ್ಚು ಕಾಲ ಅಂಥ ಮಸೂದೆಗಳನ್ನು ಮಂಡಿಸುತ್ತಲೇ ಇದ್ದರು, ಅವು ಬೀಳುತ್ತಲೇ ಇದ್ದವು.

ಹೊರಗಿನ ಹುಲ್ಲುಹಾಸಿನ ಬದಿಯಲ್ಲಿ ಪ್ರತಿ ಕಂಬದ ಇನ್ನೊಂದು ಪ್ರತಿಯನ್ನು ಮಲಗಿಸಿದ್ದಾರೆ. ಆಯಾ ಕೌಂಟಿಯವರು ತಮ್ಮ ಇತಿಹಾಸವನ್ನು ಒಪ್ಪಿಕೊಂಡು ಇವನ್ನು ಕೊಂಡೊಯ್ದು ತಮ್ಮ ಊರಿನಲ್ಲಿ ನಿಲ್ಲಿಸಲಿ ಎಂಬುದು ಆಶಯ. ಇಲ್ಲಿ ಫೋರ್ಸೈತ್ ಕೌಂಟಿಯನ್ನು ಹುಡುಕಿ ಎಂದು ಅಟ್ಲಾಂಟಾದ ಕನ್ನಡಿಗರಿಗೆ ವಿಶೇಷವಾಗಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನ ಒಳ್ಳೆಯ ಶಾಲೆಗಳಿಗಾಗಿ ಮನೆ ಕೊಂಡಿರುವ ಕೌಂಟಿ ಅದು, ನಾನೂ ಅಲ್ಲಿಯವನೇ. 1912ರ ಸೆಪ್ಟೆಂಬರ್ 10ರಂದು ರಾಬ್ ಎಡ್ವರ್ಡ್ಸ್ ಎಂಬ ಯುವಕನನ್ನು ಕಮಿಂಗ್ ಊರಿನ ಜೈಲಿನಿಂದ ಎಳೆದು ತಂದು ಕೊಂದು, ಪೇಟೆಯ ಚೌಕದಲ್ಲಿ ಟೆಲಿಫೋನ್ ಕಂಬಕ್ಕೆ ತೂಗುಹಾಕಿದರು. ಅಕ್ಟೋಬರಿನಲ್ಲಿ ಎರ್ನೆಸ್ಟ್ ನಾಕ್ಸ್, ಆಸ್ಕರ್ ಡೇನಿಯಲ್ ಎಂಬ ಇಬ್ಬರು ಹದಿಹರೆಯದ ಹುಡುಗರನ್ನು ತರಾತುರಿಯ ವಿಚಾರಣೆಯ ನಂತರ ಸಾವಿರಾರು ಜನರ ಎದುರು ಗಲ್ಲಿಗೇರಿಸಿದರು. ಅದೇ ವಾರಗಳಲ್ಲಿ ರಾತ್ರಿ ಸವಾರರು ಮನೆ, ಚರ್ಚುಗಳಿಗೆ ಬೆಂಕಿಯಿಟ್ಟು, ಗುಂಡು ಹಾರಿಸಿ, ಕೌಂಟಿಯಲ್ಲಿದ್ದ ಸಾವಿರಕ್ಕೂ ಹೆಚ್ಚು ಕಪ್ಪುವರ್ಣೀಯರನ್ನು ಹೆಚ್ಚುಕಡಿಮೆ ಒಬ್ಬರನ್ನೂ ಉಳಿಸದಂತೆ ಓಡಿಸಿದರು. ಕೆಲವರು ಸಿಕ್ಕಿದ ಬೆಲೆಗೆ ಹೊಲ ಮಾರಿ ಹೋದರು. ಬಿಟ್ಟುಹೋದ ಹೊಲಗಳು ಕಾಲಕ್ರಮದಲ್ಲಿ ನೆರೆಯವರ ಹೆಸರಿಗೆ ಆದವು. ಮುಂದೆ ಮುಕ್ಕಾಲು ಶತಮಾನ ಅಲ್ಲಿ ಕಪ್ಪುವರ್ಣೀಯರು ನೆಲೆಸಲಾಗಲಿಲ್ಲ. 1987ರ ಜನವರಿಯಲ್ಲಿ ಇದನ್ನು ಪ್ರತಿಭಟಿಸಿ ನಡೆದ, ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಅವರ ಮುಂದಾಳುತನದ ಮೆರವಣಿಗೆಯ ಮೇಲೆ ಕಲ್ಲುಗಳು ಬಿದ್ದವು. ಮರುವಾರ ಸುಮಾರು 20,000 ಜನ ಬಂದು ಅದೇ ಬೀದಿಯಲ್ಲಿ ನಡೆದರು. ಇಂದು ಆ ಕೌಂಟಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರಲ್ಲಿ ಆರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಏಷ್ಯಾ ಮೂಲದವರು, ಹೆಚ್ಚಾಗಿ ಭಾರತೀಯರು. ಕಪ್ಪುವರ್ಣೀಯರ ಪಾಲು ಈಗಲೂ ನೂರಕ್ಕೆ ಐದರ ಆಸುಪಾಸಿನಲ್ಲಿದೆ.

ನಾವು ಕೊಂಡದ್ದು ಖಾಲಿ ಜಾಗವಲ್ಲ, ಖಾಲಿ ಮಾಡಿಸಿದ ಜಾಗ. ಕಾಗದಪತ್ರ ಎಲ್ಲವೂ ಸರಿಯಿರುವ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಯಾರಿಗೂ ನಾನು ಅನ್ಯಾಯ ಮಾಡಿಲ್ಲವೆಂಬುದೂ ನಿಜ. ಆದರೆ ನಾವು ಈ ದೇಶಕ್ಕೆ ಬಂದದ್ದಾದರೂ ಯಾರ ಹೋರಾಟದಿಂದ? 1946ರ ನಂತರ ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ ಇಲ್ಲಿ ನೆಲೆಸಲು ಅವಕಾಶವಿತ್ತು. ಸೆಲ್ಮಾದಿಂದ ಹೊರಟ ಮತದಾನದ ಹಕ್ಕಿನ ಮೆರವಣಿಗೆ 1965ರ ಮಾರ್ಚಿನಲ್ಲಿ ಮಾಂಟ್ಗೊಮರಿಯ ಶಾಸನಸಭೆಯ ಮೆಟ್ಟಿಲುಗಳ ಮುಂದೆ ಮುಗಿಯಿತು. ಆ ಹಕ್ಕಿನ ಕಾನೂನು ಮಾಡಿದ ಅಮೆರಿಕದ ಸಂಸತ್ತೇ ಅದೇ ವರ್ಷ ಹಳೆಯ ಜನಾಂಗೀಯ ಕೋಟಾಗಳನ್ನು ಕಿತ್ತುಹಾಕಿ ಹೊಸ ವಲಸೆ ಕಾನೂನನ್ನು ತಂದಿತು. ನಮ್ಮ ಎಂಜಿನಿಯರುಗಳು, ವೈದ್ಯರು ಬಂದದ್ದು ಆ ಬಾಗಿಲಿನಿಂದ. ಕನ್ನಡ ಕೂಟದ ಪ್ರವಾಸಗಳಲ್ಲಿ, ಊರಿನಿಂದ ಬಂದ ಹಿರಿಯರಿಗೆ ತೋರಿಸುವ ಸ್ಥಳಗಳ ಪಟ್ಟಿಯಲ್ಲಿ ಈ ಊರು ಇರಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೂರನೆಯ ತಾಣವಾದ ಶಿಲ್ಪೋದ್ಯಾನ 2024ರಲ್ಲಿ ತೆರೆಯಿತು. ಹದಿನೇಳು ಎಕರೆಯ ಈ ಜಾಗಕ್ಕೆ ನದಿಯಲ್ಲಿ ದೋಣಿಯ ಮೇಲೆ ಕರೆದೊಯ್ಯುತ್ತಾರೆ, ಗುಲಾಮರನ್ನು ತಂದ ಅದೇ ನದಿ. ಪಕ್ಕದಲ್ಲಿಯೇ ರೈಲು ಹಾದುಹೋಗುತ್ತದೆ. ಶಿಲ್ಪಗಳಲ್ಲಿ ಕೆಲವು ಅದ್ಭುತವಾಗಿವೆ, ಕೆಲವು ನನ್ನನ್ನು ಮುಟ್ಟಲಿಲ್ಲ. ತೋಟವೊಂದರಿಂದ ತಂದು ನಿಲ್ಲಿಸಿದ, 170 ವರ್ಷದಷ್ಟು ಹಳೆಯ ಗುಲಾಮರ ಮರದ ಮನೆಗಳು ಶಿಲ್ಪಗಳಿಗಿಂತ ಹೆಚ್ಚು ಹೇಳುತ್ತವೆ. ಉದ್ಯಾನದ ತುದಿಯಲ್ಲಿರುವ ಗೋಡೆಗಾಗಿಯಂತೂ ತಪ್ಪದೆ ಹೋಗಬೇಕು. ನಾಲ್ಕು ಮಹಡಿಯಷ್ಟು, ಅಂದರೆ 43 ಅಡಿ ಎತ್ತರದ ಆ ಗೋಡೆಯ ಮೇಲೆ 1,22,000 ಮನೆತನದ ಹೆಸರುಗಳನ್ನು ಕೆತ್ತಿದ್ದಾರೆ. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟನ್ನೇ ಬರೆದು ಎಣಿಸಿದ್ದರು. ಬಿಡುಗಡೆಯಾದ ಜನರ ಹೆಸರುಗಳು ಮೊದಲ ಬಾರಿಗೆ ಜನಗಣತಿಯ ದಾಖಲೆಗೆ ಬಂದದ್ದು 1870ರಲ್ಲಿ. ಆ ದಾಖಲೆಯಿಂದ ತೆಗೆದ ಹೆಸರುಗಳಿವು. ಗೋಡೆಯ ಮುಂದೆ ಕಪ್ಪುವರ್ಣೀಯ ಕುಟುಂಬಗಳು ತಮ್ಮ ಹೆಸರನ್ನು ಹುಡುಕುತ್ತಿರುತ್ತವೆ. ನಾವಿದ್ದಾಗ ಅಜ್ಜಿಯೊಬ್ಬರು ತಮ್ಮ ಹೆಸರು ಸಿಕ್ಕಿದ ಕಡೆ ಮೊಮ್ಮಗನನ್ನು ನಿಲ್ಲಿಸಿ, ಅವನು ಸರಿಯಾಗಿ ನಿಲ್ಲುವವರೆಗೂ ಫೋಟೋ ತೆಗೆಯದೆ ಗದರುತ್ತಿದ್ದರು. ಅಂಥ ಹೊತ್ತಿನಲ್ಲಿ ನಾವು ಹೊರಗಿನವರು ಸ್ವಲ್ಪ ಹಿಂದೆ ಸರಿದು ಜಾಗ ಬಿಡುವುದು ಒಳ್ಳೆಯದು.

ಊಟಕ್ಕೆ ಮ್ಯೂಸಿಯಂ ಆವರಣದಲ್ಲಿಯೇ ಪ್ಯಾನಿ-ಜಾರ್ಜಸ್ ಕಿಚನ್ ಎಂಬ ಹೋಟೆಲಿದೆ. ಅಲಬಾಮಾದವರೇ ಆದ ಕುಟುಂಬವೊಂದು ನಡೆಸುವ, ದಕ್ಷಿಣದ ಕಪ್ಪುವರ್ಣೀಯರ ಮನೆ ಅಡುಗೆಯ ಜಾಗವಿದು. ಕರಿದ ಕೋಳಿ, ಮೆಕ್ಕೆಜೋಳದ ಹಿಟ್ಟಿನ ಬ್ರೆಡ್, ಕೊಲಾರ್ಡ್ ಸೊಪ್ಪು, ಸಿಹಿಗೆಣಸು ಇಂಥ ಅಡುಗೆ. ಸೊಪ್ಪು ಬಹಳ ಹೊತ್ತು ಬೆಂದು ಮೆತ್ತಗಾಗಿ, ತುಸು ಹುಳಿಯೊಂದಿಗೆ ನಮ್ಮ ಬಾಯಿಗೆ ಸುಲಭವಾಗಿ ಹೊಂದುತ್ತದೆ. ದಕ್ಷಿಣದ ಅಡುಗೆಮನೆಗಳಲ್ಲಿ ಸೊಪ್ಪು, ಕಾಳುಗಳಿಗೂ ಹೊಗೆಯಾಡಿಸಿದ ಮಾಂಸದ ತುಂಡು ಹಾಕಿ ಬೇಯಿಸುವ ರೂಢಿಯಿರುವುದರಿಂದ ಸಸ್ಯಾಹಾರಿಗಳು ಕೇಳಿಯೇ ಹಾಕಿಸಿಕೊಳ್ಳಬೇಕು. ಅಮೆರಿಕದ ದಕ್ಷಿಣದ ಊಟದಲ್ಲಿ ಮುಖ್ಯವಾದ ಅಲಸಂದೆ ಕಾಳು ಆಫ್ರಿಕಾದಿಂದ ಗುಲಾಮರ ಹಡಗುಗಳ ಜೊತೆಗೆ ಬಂದದ್ದು. ಅದೇ ಅಲಸಂದೆಯೂ ನಮ್ಮ ರಾಗಿಯೂ ಆಫ್ರಿಕಾದಿಂದಲೇ, ಸಾವಿರಾರು ವರ್ಷಗಳ ಹಿಂದೆ ಬೇರೆ ದಾರಿಯಲ್ಲಿ ನಮ್ಮ ಹೊಲಗಳಿಗೆ ಬಂದವು.

ಹೋಗುವವರಿಗೆ ಇನ್ನು ಕೆಲವು ಮಾತುಗಳು. ಸೋಮವಾರ, ಮಂಗಳವಾರ ರಜೆಯಿರುತ್ತದೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಅಟ್ಲಾಂಟಾದಿಂದ ಎರಡೂವರೆ ಗಂಟೆಯ ದಾರಿ. ಅಲಬಾಮಾದ ಗಡಿಯಾರ ಒಂದು ಗಂಟೆ ಹಿಂದಿರುವುದರಿಂದ ಬೆಳಿಗ್ಗೆ ಹೊರಟರೂ ಬಾಗಿಲು ತೆರೆಯುವ ಹೊತ್ತಿಗೆ ಮುಟ್ಟಬಹುದು. ಮ್ಯೂಸಿಯಮ್ಮಿಗೆ ಮೂರು ಗಂಟೆ ಬೇಕೇಬೇಕು. ಸ್ಮಾರಕ, ಉದ್ಯಾನ ಎರಡರಲ್ಲೂ ಬಿಸಿಲಿನಲ್ಲಿ ನಡೆಯುವುದು ಬಹಳ, ಜೂನ್‌ನಿಂದ ಆಗಸ್ಟ್‌ವರೆಗೆ ವಯಸ್ಸಾದವರಿಗೆ ಕಷ್ಟ. ನೀರು, ಟೋಪಿ ಇಟ್ಟುಕೊಳ್ಳಿ. ಹತ್ತು ವರ್ಷದೊಳಗಿನ ಮಕ್ಕಳನ್ನು ಮ್ಯೂಸಿಯಮ್ಮಿನೊಳಗೆ ಕರೆದೊಯ್ಯಬೇಡಿ ಎಂದೇ ಹೇಳುತ್ತೇನೆ, ಗುಂಪುಹತ್ಯೆಯ ಚಿತ್ರಗಳನ್ನು ಮರೆಮಾಡಲಾಗುವುದಿಲ್ಲ. ಅವರನ್ನು ದೋಣಿ, ಉದ್ಯಾನಗಳಿಗೆ ಕರೆದೊಯ್ಯಬಹುದು. ಹೈಸ್ಕೂಲಿನ ಮಕ್ಕಳನ್ನು ಮಾತ್ರ ಖಂಡಿತ ಕರೆದುಕೊಂಡು ಹೋಗಿ, ಮನೆಗೆ ಮರಳುವ ದಾರಿಯಲ್ಲಿ ಅವರು ಕೇಳುವ ಪ್ರಶ್ನೆಗಳಿಗೆ ಸಮಯ ಇಟ್ಟುಕೊಳ್ಳಿ.

ಮಾಂಟ್ಗೊಮರಿಗೆ ಸದ್ಯಕ್ಕೆ ಹೋಗಲಾಗದ ಫೋರ್ಸೈತಿನ ನಮ್ಮವರು ಕಮಿಂಗ್ ಪೇಟೆಗಾದರೂ ಹೋಗಿ. ರಾಬ್ ಎಡ್ವರ್ಡ್ಸ್ ಹತ್ಯೆಯ ಬಗ್ಗೆ, 1912ರಲ್ಲಿ ಓಡಿಸಿದವರ ಬಗ್ಗೆ ಹೇಳುವ ಫಲಕವೊಂದನ್ನು ಇದೇ ಸಂಸ್ಥೆಯ ಜೊತೆಗೂಡಿ ಊರಿನ ಕೆಲವರು 2021ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಅದಕ್ಕೆ ಟಿಕೆಟ್ ಇಲ್ಲ, ರಜೆಯ ದಿನವಿಲ್ಲ; ಓದಲು ಐದು ನಿಮಿಷ ಸಾಕು.